ಟಿವಿಯವರು ಕೊಟ್ಟ ಬಾಲ್ಯ

ನಾನು ಹುಟ್ಟಿ ಬೆಳೆದದ್ದು ಕಾರ್ಗಲ್ಲಿನ ಕಾಲೊನಿಯಲ್ಲಿ. ಅಪ್ಪ ಪವರ್ ಹೌಸಿನಲ್ಲಿ ಆಪರೇಟರ್, ಅಮ್ಮ ಶಾಲೆಯ ಟೀಚರ್. ಮನೆಗೆ ಎರಡು ಸಂಬಳ ಬರುತ್ತಿತ್ತು. ನಮಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಾಲ್ಯದ ಬಗ್ಗೆ ಈ ರಾಜ್ಯದ ಜನರಿಗೆ ಬೇರೆಯೇ ಒಂದು ಕಥೆ ಗೊತ್ತಿದೆ. ಅದನ್ನು ಅವರಿಗೆ ಹೇಳಿದವಳು ನಾನಲ್ಲ.

ಸಾಗರದಲ್ಲಿ ಡಿಗ್ರಿ ಓದುವಾಗ ಸಂಜೆ ಹೊತ್ತು ಅಲ್ಲಿನ ಕೇಬಲ್ ಚಾನೆಲ್ಲಿನಲ್ಲಿ ನಿರೂಪಣೆಗೆ ಕೂರುತ್ತಿದ್ದೆ. ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ, ಹಿಂದೆ ನೀಲಿ ಪರದೆ. ಜನ ಫೋನ್ ಮಾಡಿ ಹಾಡು ಕೇಳುತ್ತಿದ್ದರು, ನಾನು ಹಾಕುತ್ತಿದ್ದೆ. ನಮ್ಮ ಕಾಲೇಜಿನ ಲೆಕ್ಚರರ್ ಒಬ್ಬರು ಅಪ್ಪನನ್ನು ಬಸ್‌ಸ್ಟ್ಯಾಂಡಿನಲ್ಲಿ ತಡೆದು, ಮರ್ಯಾದಸ್ಥರ ಮನೆ ಹುಡುಗಿ ಹೀಗೆ ಊರವರ ಜೊತೆ ಫೋನಿನಲ್ಲಿ ನಗುವುದು ಚೆನ್ನಾಗಿ ಕಾಣುವುದಿಲ್ಲ ಎಂದಿದ್ದರಂತೆ. ಆ ಮಹನೀಯರು ದಿನಾ ಕಾರ್ಯಕ್ರಮ ನೋಡುತ್ತಿದ್ದರು ಎಂಬುದು ಅವರ ಮಾತಿನಿಂದಲೇ ಗೊತ್ತಾಗುತ್ತಿತ್ತು. ನಾನು ಯಾವ ದಿನ ಯಾವ ಬಣ್ಣದ ಚೂಡಿದಾರ ಹಾಕಿದ್ದೆ ಎಂದು ಅವರಿಗೆ ನೆನಪಿತ್ತು.

ಅಲ್ಲಿಂದ ಬೆಂಗಳೂರಿನ ಒಂದು ಹಾಡಿನ ಚಾನೆಲ್ಲಿಗೆ ಹೋದೆ. ನಾನು 'ಏನು' ಅನ್ನುವಲ್ಲಿ 'ಎಂತ' ಅನ್ನಬಾರದು ಎಂದು ಮೊದಲ ವಾರವೇ ಹೇಳಿದರು, ಅದು ನೋಡುಗರಿಗೆ ಹಳ್ಳಿಯ ಹಾಗೆ ಕೇಳಿಸುತ್ತದಂತೆ. ಬಿಟ್ಟೆ. ಪ್ರತಿ ವಾಕ್ಯದ ಕೊನೆಗೆ ನಗಬೇಕು ಎಂದರು. ನಕ್ಕೆ. ಭೂಕಂಪದಲ್ಲಿ ಸತ್ತವರಿಗೆ ಸಂತಾಪ ಹೇಳಿದ ದಿನವೂ ಅಭ್ಯಾಸಬಲದಿಂದ ನಕ್ಕುಬಿಟ್ಟೆ. ಯಾರೂ ಗಮನಿಸಲಿಲ್ಲ. ಆ ಚಾನೆಲ್ಲಿನಲ್ಲಿ ಕೆಲಸ ಮಾಡುವವರು ಯಾರೂ ಆ ಚಾನೆಲ್ ನೋಡುತ್ತಿರಲಿಲ್ಲ.

ಆಮೇಲೆ ಧಾರಾವಾಹಿ. ನಾನು ಕಿರಿ ಸೊಸೆ, ರೇಷ್ಮೆ ಸೀರೆ ಉಟ್ಟು ಮಲಗುವವಳು, ಹಿರಿ ಸೊಸೆಯ ಹಾಲಿಗೆ ಏನಾದರೂ ಬೆರೆಸುವವಳು. ಕಥೆ ಬರೆಯುವವನಿಗೆ ಬೇರೇನೂ ಹೊಳೆಯದ ದಿನವೆಲ್ಲ ನಾನು ಹಾಲಿಗೆ ಬೆರೆಸಬೇಕಾಗುತ್ತಿತ್ತು. ಒಮ್ಮೆ ಅಮ್ಮನ ಜೊತೆ ಸಿಗಂದೂರಿಗೆ ಹೋದಾಗ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ನನ್ನ ಗುರುತು ಹಿಡಿದು, "ಇನ್ನಾದ್ರೂ ಆ ಹುಡ್ಗೀನ ಬಿಟ್ಬಿಡು, ಒಳ್ಳೇದಾಗಲ್ಲ ನಿಂಗೆ" ಎಂದಳು. ನಾನು ನಟಿ, ಅದು ಕಥೆ ಎಂದು ಅಮ್ಮ ಟೀಚರಮ್ಮನ ತಾಳ್ಮೆಯಿಂದ ವಿವರಿಸಿದರು. ಅವಳು ಎಲ್ಲ ಕೇಳಿ, ಹೆತ್ತವರು ಬುದ್ಧಿ ಹೇಳದೆ ಹೀಗಾಗುವುದು ಎಂದು ಅಮ್ಮನನ್ನೂ ಬೈದಳು.

ಧಾರಾವಾಹಿ ಓಡುತ್ತಿದ್ದಾಗಲೇ ಅದನ್ನು ಹಾಕುತ್ತಿದ್ದ ಚಾನೆಲ್ಲಿನವರು ನಮ್ಮಂಥವರನ್ನೆಲ್ಲ ಸೇರಿಸಿ ಒಂದು ಡ್ಯಾನ್ಸ್ ಸ್ಪರ್ಧೆ ಶುರು ಮಾಡಿದರು. ಹೆಸರಿಗೆ ಡ್ಯಾನ್ಸ್. ಅಲ್ಲಿ ನಡೆಯುತ್ತಿದ್ದದ್ದು ಅಳು. ಪ್ರತಿ ವಾರ ಒಬ್ಬರ ಹಿಂದಿನ ಜೀವನದ ವಿಡಿಯೋ ಹಾಕುವರು, ಅವರು ಅಳುವರು, ತೀರ್ಪುಗಾರರು ಎದ್ದು ಬಂದು ಅಪ್ಪಿಕೊಳ್ಳುವರು. ನನ್ನ ಸರದಿ ಬಂದಾಗ ಡೈರೆಕ್ಟರು ಕ್ಯಾಮೆರಾದವರನ್ನು ಕರೆದುಕೊಂಡು ಸಾಗರಕ್ಕೆ ಬಂದ. ಅಪ್ಪ ರಿಟೈರ್ ಆದಮೇಲೆ ಅಲ್ಲಿ ಮನೆ ಕಟ್ಟಿಸಿದ್ದರು. ಗ್ರಾನೈಟಿನ ನೆಲ, ಅಂಗಳದಲ್ಲಿ ಕಾರು. ಅವನು ಬಾಗಿಲಲ್ಲೇ ನಿಂತ. ಹೆಣ ನೋಡಲು ಬಂದವನಿಗೆ ಸತ್ತವನೇ ಎದ್ದು ಬಾಗಿಲು ತೆಗೆದರೆ ಆಗುವಂಥ ಮುಖ ಅವನದು.

ಕಷ್ಟದ ದಿನಗಳ ಬಗ್ಗೆ ಹೇಳಿ ಎಂದು ಅಪ್ಪನನ್ನು ಕೇಳಿದ. ಅಪ್ಪ ಯೋಚಿಸಿ, ಒಂದು ವರ್ಷ ಜಲಾಶಯ ತುಂಬದೆ ಯಂತ್ರ ನಿಲ್ಲಿಸಬೇಕಾಗಿ ಬಂದಿದ್ದನ್ನು ಬಹಳ ದುಃಖದಿಂದ ಹೇಳಿದರು. ಅವನು ಅದನ್ನು ಶೂಟ್ ಮಾಡಲಿಲ್ಲ.

ಮರುದಿನ ಎಲ್ಲರನ್ನೂ ಕಾರ್ಗಲ್ಲಿಗೆ ಕರೆದೊಯ್ದರು. ನಾವಿದ್ದ ಕ್ವಾರ್ಟರ್ಸಿಗೆ ಸುಣ್ಣ ಬಳಿದಿದ್ದರು, ಯಾರದೋ ಸಂಸಾರ ಇತ್ತು, ಕಿಟಕಿಯಲ್ಲಿ ಪರದೆ ಇತ್ತು. ಅದರ ಹಿಂದಿನ ಬೀದಿಯಲ್ಲಿ ಹೆಂಚು ಹಾರಿದ, ಗೋಡೆಯಲ್ಲಿ ಗಿಡ ಬೆಳೆದ ಪಾಳು ಕ್ವಾರ್ಟರ್ಸಿನ ಒಂದು ಸಾಲು. ಡೈರೆಕ್ಟರಿಗೆ ಅದು ಕಂಡ ಕೂಡಲೇ ಜೀವ ಬಂತು. ಅಮ್ಮನನ್ನು ಅದರ ಮೆಟ್ಟಿಲ ಮೇಲೆ ಕೂರಲು ಹೇಳಿದ. ಮಗಳು ಹಸಿದು ಮಲಗುತ್ತಿದ್ದ ರಾತ್ರಿಗಳನ್ನು ನೆನಪಿಸಿಕೊಳ್ಳಬೇಕೆಂದ.

ಅಮ್ಮ ಕೂರಲಿಲ್ಲ. "ಇದು ನಮ್ಮನೆ ಅಲ್ಲ. ಇವ್ಳು ಹಸ್ಕೊಂಡು ಮಲಗಿದ್ದು ನಂಗೊತ್ತಿರೋ ಹಾಗೆ ಒಂದೇ ಸಲ, ಹಾಗಲಕಾಯಿ ಪಲ್ಯ ಮಾಡಿದ್ದಕ್ಕೆ" ಎಂದರು.

ಅಮ್ಮಾ, ಇದು ಬರೀ ಎಮೋಷನ್ನಿಗೆ, ಸುಳ್ಳಲ್ಲ ಎಂದು ಅವನು ಸಮಜಾಯಿಷಿ ಕೊಟ್ಟ. "ಮತ್ತೆಂತ ಇದು?" ಎಂದು ಅಮ್ಮ ಕೇಳಿದರು. ಅಮ್ಮ ಕಾರಿನಲ್ಲಿ ಹೋಗಿ ಕೂತರು.

ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಮತ್ತೆ ಎರಡು ದಿನ ಅವನು ನನ್ನನ್ನು ಸುತ್ತಾಡಿಸಿದ. ಹಿನ್ನೀರಿನ ಲಾಂಚಿನಲ್ಲಿ ಒಬ್ಬಳೇ ನಿಲ್ಲಿಸಿ ಗಾಳಿಗೆ ಕೂದಲು ಬಿಡಿಸಿದ, ನಗರ ಎಂಬ ಊರಿನ ಕೋಟೆಯ ಮೆಟ್ಟಿಲಲ್ಲಿ ಓಡಿಸಿದ. ಎಲ್ಲ ಸುಂದರ ಜಾಗಗಳು, ನಮ್ಮ ಊರಿನ ಕಡೆಯವು, ತೋರಿಸಲಿ ಬಿಡು ಎಂದು ನಾನೂ ಓಡಿದೆ.

ವಿಡಿಯೋವನ್ನು ನಾನು ಮೊದಲ ಸಲ ನೋಡಿದ್ದು ವೇದಿಕೆಯ ಮೇಲೆ ನಿಂತು, ನನ್ನ ಮುಖಕ್ಕೆ ಮೂರು ಕ್ಯಾಮೆರಾ ಇಟ್ಟಿದ್ದಾಗ. ಅದರಲ್ಲಿ ನಾನು ದಿನಾ ಲಾಂಚಿನಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದೆ. ಬೇಸಿಗೆ ರಜೆಯಲ್ಲಿ ಕೋಟೆ ನೋಡಲು ಬಂದವರಿಗೆ ಮಜ್ಜಿಗೆ ಮಾರುತ್ತಿದ್ದೆ. ಪಾಳು ಕ್ವಾರ್ಟರ್ಸಿನ ಮೆಟ್ಟಿಲಲ್ಲಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಹರಕು ಸೀರೆಯ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಕೊಳಲಿನ ಸಂಗೀತ. 'ಇವರು ಹೆತ್ತ ತಾಯಿ' ಎಂದು ಒಂದು ದಪ್ಪ ದನಿ ಹೇಳಿತು. ತೀರ್ಪುಗಾರರಲ್ಲಿ ಒಬ್ಬರು ಆಗಲೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮೈಕು ನನ್ನ ಕೈಯಲ್ಲೇ ಇತ್ತು. "ಅದು ನಮ್ಮ ಮನೆ ಅಲ್ಲ. ಅವ್ರು ನಮ್ಮಮ್ಮನೂ ಅಲ್ಲ" ಎಂದೆ.

ಡೈರೆಕ್ಟರು ಕಟ್ ಅನ್ನಲೂ ಇಲ್ಲ. ಪಕ್ಕಕ್ಕೆ ಕರೆದು, ನೀವು ಸುಸ್ತಾಗಿದ್ದೀರಿ, ಹೋಗಿ ಮಲಗಿ ಎಂದ. ಹಿಂದಿನ ತಿಂಗಳು ಅಭ್ಯಾಸದಲ್ಲಿ ಕಾಲು ಉಳುಕಿದಾಗ ನಾನು ನೋವಿಗೆ ಅತ್ತಿದ್ದನ್ನು ಯಾರೋ ಚಿತ್ರೀಕರಿಸಿ ಇಟ್ಟಿದ್ದರು. ಪ್ರಸಾರದಲ್ಲಿ ವಿಡಿಯೋ ಮುಗಿದ ಮೇಲೆ ನನ್ನ ಮಾತಿನ ಜಾಗದಲ್ಲಿ ಬಂದದ್ದು ಆ ಅಳು. ಬೆನ್ನ ಹಿಂದಿನ ಗೋಡೆಯ ಬಣ್ಣ ಬೇರೆ, ಕಿವಿಯ ಓಲೆ ಬೇರೆ. ರಾಜ್ಯವಿಡೀ ನೋಡಿತು, ಒಬ್ಬರಿಗೂ ಓಲೆ ಬದಲಾದದ್ದು ಕಾಣಲಿಲ್ಲ.

ಕಂಡದ್ದು ಅಮ್ಮನಿಗೆ ಮಾತ್ರ. ರಾತ್ರಿ ಫೋನಿನಲ್ಲಿ ಅವರು ಸಿಟ್ಟಾಗಿದ್ದು ಓಲೆಗಲ್ಲ. ತಮ್ಮ ಬೆನ್ನು ಅಷ್ಟು ಬಾಗಿಲ್ಲ ಎಂಬುದಕ್ಕೆ.

ಟಿವಿಯವರು ಸುಳ್ಳು ಹೇಳಿದ್ದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ, ಅದು ಅವರ ದಿನದ ಕೂಲಿ. ನನ್ನನ್ನು ನಿಜವಾಗಿ ತಲ್ಲಣಗೊಳಿಸಿದವರು ನಮ್ಮವರೇ. ಕಾಲೊನಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ, ಈಗ ಸಾಗರದಲ್ಲೇ ಇರುವ ಆಂಟಿ ಮುಂದಿನ ಭಾನುವಾರ ಹಲಸಿನ ಹಪ್ಪಳ ಹಿಡಿದುಕೊಂಡು ಬಂದರು. ನಾನೂ ಮನೆಯಲ್ಲಿದ್ದೆ. ಅಮ್ಮನ ಕೈ ಹಿಡಿದು ಕಣ್ಣೀರು ತಂದುಕೊಂಡರು.

"ಅಷ್ಟು ಕಷ್ಟ ಇತ್ತು ಅಂತ ನಮ್ಗೆ ಗೊತ್ತೇ ಆಗ್ಲಿಲ್ಲ ಮಾರಾಯ್ತಿ. ಒಂದ್ ಮಾತು ಹೇಳಿದ್ರೆ ಏನಾದ್ರೂ ಮಾಡ್ತಿದ್ವಿ."

ಅಮ್ಮ ಅವರಿಗೆ ನೆನಪು ಮಾಡಿದರು: ಆ ಸಾಲಿನಲ್ಲಿ ಮೊದಲು ಫ್ರಿಜ್ ಬಂದದ್ದು ನಮ್ಮ ಮನೆಗೆ. ಇವರ ಮಕ್ಕಳು ಐಸು ತಿನ್ನಲು ಬರುತ್ತಿದ್ದದ್ದು ನಮ್ಮಲ್ಲಿಗೆ. ಶಾಲೆ ಇದ್ದದ್ದು ಎದುರಿನ ರಸ್ತೆಯಲ್ಲಿ, ಇವರ ಮಗಳೂ ನಾನೂ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಆಂಟಿ ಎಲ್ಲದಕ್ಕೂ ತಲೆ ಆಡಿಸಿದರು.

"ಅದೆಲ್ಲ ಹೌದು. ಆದ್ರೂ ಟಿವೀಲಿ ತೋರಿಸಿದ್ರಲ್ಲ" ಎಂದರು.

ಆ ಹಪ್ಪಳವನ್ನು ನಾನು ತಿನ್ನಲಿಲ್ಲ. ಅಪ್ಪ ತಿಂದರು, ಚೆನ್ನಾಗಿವೆ ಎಂದರು.

ಅದಾದ ಮೇಲೆ ಸನ್ಮಾನಗಳ ಮಳೆ. ತೀರ್ಥಹಳ್ಳಿಯ ಒಂದು ಸಂಘದವರು ಕಷ್ಟದಲ್ಲಿ ಅರಳಿದ ಪ್ರತಿಭೆ ಎಂದು ಬ್ಯಾನರ್ ಬರೆಸಿ ಕರೆದರು. ನಮ್ಮ ಕಡೆಯವರಿಗಾದರೂ ನಿಜ ಹೇಳೋಣ ಎಂದು ಹೋದೆ. ವೇದಿಕೆಯಲ್ಲಿ ಅಧ್ಯಕ್ಷತೆ ವಹಿಸಿದ್ದವರು ನನ್ನ ಆ ಹಳೆಯ ಲೆಕ್ಚರರ್. ಬಡ ಹುಡುಗಿಯೊಬ್ಬಳು ಸಂಜೆ ದುಡಿದು ಓದುತ್ತಿದ್ದದ್ದನ್ನು ತಾವು ಕಣ್ಣಾರೆ ಕಂಡದ್ದಾಗಿಯೂ ಅವಳ ತಂದೆಗೆ ಧೈರ್ಯ ಹೇಳಿದ್ದಾಗಿಯೂ ಭಾಷಣ ಮಾಡಿದರು. ನನ್ನ ಸರದಿ ಬಂದಾಗ ಎದ್ದು, ನಾನು ಬಡವಳಾಗಿರಲಿಲ್ಲ, ಲಾಂಚು, ಮಜ್ಜಿಗೆ, ಪಾಳು ಮನೆ ಎಲ್ಲ ಚಾನೆಲ್ಲಿನವರು ಕಟ್ಟಿದ್ದು, ಈ ಸರ್ ಧೈರ್ಯ ಹೇಳಲಿಲ್ಲ, ಬೈದಿದ್ದರು ಎಂದು ಒಂದೊಂದಾಗಿ ಹೇಳಿದೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಎಂಥ ವಿನಯ, ತಾನು ಪಟ್ಟ ಪಾಡನ್ನು ಹೇಳಿಕೊಳ್ಳಲೂ ಒಪ್ಪುವುದಿಲ್ಲ ಎಂದು ನಿರೂಪಕ ಮೈಕಿನಲ್ಲಿ ಹೊಗಳಿದ. ಲೆಕ್ಚರರ್ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು, ಹೊದ್ದುಕೊಂಡೆ.

ಅಲ್ಲಿಂದಾಚೆ ತಿದ್ದುವುದನ್ನು ಬಿಟ್ಟೆ. ಜನರಿಗೆ ನನ್ನ ಮೇಲೆ ಕರುಣೆ ಬೇಕಾಗಿದೆ, ಇಟ್ಟುಕೊಳ್ಳಲಿ.

ಚಾನೆಲ್ಲಿನವರು ಮಾತ್ರ ಡ್ಯಾನ್ಸಿನ ವೇದಿಕೆಯಲ್ಲಿ ನಾನು ಹೇಳಿದ ಆ ಎರಡು ವಾಕ್ಯ ಮರೆಯಲಿಲ್ಲ. ಎರಡು ವಾರದಲ್ಲಿ ವೀಕ್ಷಕರ ಮತದ ಪ್ರಕಾರ ನಾನು ಡ್ಯಾನ್ಸಿನಿಂದ ಹೊರಬಿದ್ದೆ. ಧಾರಾವಾಹಿಯಲ್ಲಿ ಕಿರಿ ಸೊಸೆಗೆ ಇದ್ದಕ್ಕಿದ್ದ ಹಾಗೆ ಪಶ್ಚಾತ್ತಾಪವಾಗಿ ಅವಳು ಕಾಶಿಗೆ ಹೋದಳು, ಹೋದವಳು ಬರಲಿಲ್ಲ. ಅವಳ ಫೋಟೋಕ್ಕೆ ಹಾರ ಹಾಕುವಷ್ಟು ಸೌಜನ್ಯವನ್ನೂ ತೋರಿಸಲಿಲ್ಲ.

ಈಗ ನಾನು ಮಕ್ಕಳ ಕಾರ್ಟೂನುಗಳಿಗೆ ಕನ್ನಡದಲ್ಲಿ ದನಿ ಕೊಡುತ್ತೇನೆ. ಒಂದು ನೀರಾನೆ, ಒಂದು ಕೋಪಿಷ್ಠ ರೈಲು, ಆಗಾಗ ಒಬ್ಬ ರಾಣಿ. ಕೆಲಸ ಚೆನ್ನಾಗಿ ಮಾಡುತ್ತೇನೆ, ಯಾಕೆಂದರೆ ನಟನೆಯನ್ನು ನಾನು ಯಾವತ್ತೂ ಕೀಳಾಗಿ ಕಂಡಿಲ್ಲ, ನಟನೆ ಬಾರದವರು ಅದನ್ನು ನಡೆಸುವುದನ್ನು ಕಂಡಿದ್ದೇನೆ. ಕಳೆದ ತಿಂಗಳು ಒಂದು ಹೊಸ ವಾಹಿನಿಯ ಹುಡುಗಿ ಫೋನ್ ಮಾಡಿದ್ದಳು. ಮನಸ್ಸು ಬಿಚ್ಚಿ ಮಾತಾಡುವ ಕಾರ್ಯಕ್ರಮವಂತೆ, ನಾನೇ ನಿರೂಪಕಿ. ಬಂದ ಅತಿಥಿಗಳನ್ನು ನಾನು ಅಳಿಸಬೇಕು, ನನಗೆ ಅನುಭವ ಇದೆಯಲ್ಲ ಎಂದಳು.

ಆಗಲ್ಲ ಎಂದೆ. ಯಾಕೆ ಮೇಡಂ ಎಂದು ಕೇಳಿದಳು. ನಾಳೆ ಬೆಳಿಗ್ಗೆ ನೀರಾನೆಗೆ ನೆಗಡಿಯಾಗುವ ದೃಶ್ಯ ಇದೆ, ಗಂಟಲು ಉಳಿಸಿಕೊಳ್ಳಬೇಕು ಎಂದು ಹೇಳಿ ಫೋನ್ ಇಟ್ಟೆ.