ನಾನು ಬಾರಿಸದ ತಾಳ

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟವನು ನಮ್ಮ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನಿಂತುಬಿಟ್ಟೆ. ಯಾರೋ ನೂಲಿಗೆ ಗಂಜಿ ಹಾಕಿ ಓಣಿಯುದ್ದಕ್ಕೂ ಎಳೆದು ಕಟ್ಟಿದ್ದರು. ಹುಳಿ ಬಂದ ಅನ್ನದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಾಚಿಕೆಯಾಯಿತು. ಗಂಜಿಯ ವಾಸನೆಗೆ ಹಸಿವಾಗುವವರನ್ನು ನೀವು ನೋಡಿರಬಹುದು, ನಾಚುವವನನ್ನು ನೋಡಿರಲಿಕ್ಕಿಲ್ಲ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ. ಹಾಲು ಹೇಗೂ ತಡವಾಗಿಯೇ ಮನೆ ಸೇರಿತು.

ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಧನ್ವಾಡದಿಂದ ಕೃಷ್ಣಾದವರೆಗೆ, ‘ನಾಳೆ ಕೊಡ್ತೀನಿ’ ಎಂದು ಹೇಳಿ ನಾನು ಬೈಸಿಕೊಳ್ಳದ ಊರಿಲ್ಲ. ಆದರೆ ಇಪ್ಪತ್ತರ ಹರೆಯದಲ್ಲಿ ನಾನು ರಾಕ್ ಸಂಗೀತಗಾರನಾಗಿದ್ದೆ. ನಗಬೇಡಿ. ನಕ್ಕರೂ ನಮ್ಮಪ್ಪನಷ್ಟು ಜೋರಾಗಿ ನಗಲಾರಿರಿ. ಹೈದರಾಬಾದಿನಿಂದ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಹೊತ್ತು ತಂದೆ, ಅದರ ವೈರನ್ನು ಮನೆಯ ರೇಡಿಯೋದ ಹೊಟ್ಟೆಗೆ ಬೆಸುಗೆ ಹಾಕಿದೆ, ಕೂದಲು ಭುಜದವರೆಗೆ ಬಿಟ್ಟೆ. ತಂಡಕ್ಕೆ ‘ಸಿಡಿಲು’ ಎಂದು ಹೆಸರಿಟ್ಟೆ, ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ, ಆಮೇಲೆ ತಂಡ ಹುಡುಕಲು ಹೊರಟೆ. ಮಕ್ತಲ್‌ವರೆಗೂ ಹುಡುಕಿದೆ. ಅಲ್ಲಿ ಭಜನೆಗೆ ತಬಲಾ ನುಡಿಸುವ ಒಬ್ಬರು ಎರಡು ನಿಮಿಷ ನನ್ನನ್ನು ಕೇಳಿ, “ತಮ್ಮಾ, ಮೊದ್ಲು ಶ್ರುತಿ ಮಾಡ್ಕೊಂಡು ಬಾ” ಎಂದು ತಬಲಾಕ್ಕೆ ಬಟ್ಟೆ ಮುಚ್ಚಿದರು. ಹೀಗಾಗಿ ತಂಡದಲ್ಲಿ ನಾನೊಬ್ಬನೇ ಉಳಿದೆ. ನಾಯಕನೂ ನಾನೇ.

ಇನ್ನು ಹಾಡನ್ನು ಟೇಪ್ ಮಾಡಬೇಕಲ್ಲ? ಪುಣೆಗೆ ಕೂಲಿಗೆ ಹೋಗಿದ್ದ ಮಾವ ತಂದ ಟೇಪ್ ರೆಕಾರ್ಡರ್ ಇತ್ತು. ಆದರೆ ಅಪ್ಪ ಗಿಟಾರು ತೋರಿಸಿ, “ಆ ಡಬ್ಬಿ ಈ ಮನ್ಯಾಗ ಬಾರಿಸಿದ್ರ ಒಂದು ನೀನರ ಇರಬೇಕು, ಇಲ್ಲಂದ್ರ ನಾನರ ಇರಬೇಕು” ಎಂದುಬಿಟ್ಟರು. ಮನೆ ಅವರದು, ಆದ್ದರಿಂದ ನಾನೇ ಹೊರಬಿದ್ದೆ. ಪಕ್ಕದಲ್ಲೇ ನೀಲಮ್ಮಕ್ಕನ ಮನೆ. ನನಗಿಂತ ಹತ್ತು ವರ್ಷ ದೊಡ್ಡವಳು, ತನ್ನ ಅಪ್ಪನ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಆ ಮಗ್ಗದ ಕೋಣೆಗೆ ದಪ್ಪ ಮಣ್ಣಿನ ಗೋಡೆ, ಒಂದು ಪ್ಲಗ್ಗು, ಮತ್ತು ಸದಾ ಈ ಗಂಜಿಯ ವಾಸನೆ.

“ಅಕ್ಕಾ, ಒಂದು ತಾಸು ಮಗ್ಗ ನಿಲ್ಲಸು. ಹಾಡು ಟೇಪ್ ಮಾಡಾಕ ಬಂದೀನಿ” ಎಂದೆ.

ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಆಕೆ ತಲೆಯನ್ನೂ ಎತ್ತಲಿಲ್ಲ. “ಯಾಕ ನಿಲ್ಲಸ್ಲಿ? ನನ್ನ ಸೀರಿ ನೀ ನೇಯ್ತೀಯೇನು? ಬಾರಿಸೂದಿದ್ರ ಬಾರಿಸು, ಒಲ್ಲಿ ಅಂದ್ರ ಬಾಗಿಲು ಅಲ್ಲೈತಿ.”

ಬಾರಿಸಿದೆ. ಗಿಟಾರಿನ ಹಿಂದೆ ಹಾಡಿನುದ್ದಕ್ಕೂ ನೂಲಿನ ನಡುವೆ ಆಕೆಯ ಲಾಳಿ ಓಡುವ ಸದ್ದು, ಎಳೆಯನ್ನು ಒತ್ತಿ ಕೂರಿಸಲು ಹಣಿಗೆ ಬಡಿಯುವ ಸದ್ದು. ಸಾಲದ್ದಕ್ಕೆ ಸಂಜೆ ನಮ್ಮೂರ ಕರೆಂಟು ಇಳಿಯುತ್ತಾ ಹೋಗುತ್ತಿತ್ತು, ಟೇಪು ಕುಂಟುತ್ತಿತ್ತು. ಆಮೇಲೆ ಪೂರ್ತಿ ಕರೆಂಟಿದ್ದಾಗ ಹಚ್ಚಿ ಕೇಳಿದರೆ ನನ್ನ ದನಿ ಗಂಡಸಿನದಾಗಿ ಶುರುವಾಗಿ ಇಲಿಯದಾಗಿ ಮುಗಿಯುತ್ತಿತ್ತು. ಮಕ್ತಲ್ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಹನ್ನೆರಡು ಪ್ರತಿ ಮಾಡಿಸಿ, ಪ್ರತಿಯೊಂದಕ್ಕೂ ಸ್ಟ್ಯಾಂಪು ಒತ್ತಿ, ಅಭಿಮಾನಿಗಳು ಪತ್ರ ಬರೆಯಲೆಂದು ಮನೆಯ ವಿಳಾಸವನ್ನೂ ಬರೆದೆ. ಒಂದು ಪತ್ರವೂ ಬರಲಿಲ್ಲ. ಅಂಗಡಿಯವನು ತನ್ನ ಬಳಿ ಉಳಿದವುಗಳ ಮೇಲೆ ಭಜನೆ ತುಂಬಿ ಮಾರಿದ. ಅವು ಖರ್ಚಾದವು.

ಇನ್ನೊಂದು ಕ್ಯಾಸೆಟ್ಟು ಮಾಡೋಣವೆನ್ನುವಷ್ಟರಲ್ಲಿ ನೀಲಮ್ಮಕ್ಕ ಒಂದು ದಿನ ಬಾಗಿಲಲ್ಲೇ ತಡೆದು, “ನಾಳಿಂದ ಬರಬ್ಯಾಡ ತಮ್ಮಾ” ಎಂದಳು. ಯಾಕೆಂದು ನಾನೂ ಕೇಳಲಿಲ್ಲ. ಕಲೆಯ ಬೆಲೆ ತಿಳಿಯದ ಜನ, ಹಾಳಾಗಿ ಹೋಗಲಿ ಎಂದುಕೊಂಡು ಮಕ್ತಲ್‌ನಲ್ಲಿ ಮಾವನ ಖಾಲಿ ಕೋಣೆಗೆ ಹೋಗಿ ಎರಡನೆಯದನ್ನು ಟೇಪ್ ಮಾಡಿದೆ. ಆ ಖಟಖಟ ಗಲಾಟೆಯಿಂದ ಬಿಡುಗಡೆಯಾಯಿತಲ್ಲ ಎಂದು ಖುಷಿಪಟ್ಟೆ ಕೂಡ! ಅದೇ ವರ್ಷ ಆಕೆಯನ್ನು ಗದ್ವಾಲಕ್ಕೆ, ಇನ್ನೊಂದು ನೇಕಾರರ ಮನೆಗೆ, ಕೊಟ್ಟರು. ನನ್ನ ಸಿಡಿಲೂ ಆ ವರ್ಷವೇ ಆರಿತು.

ಹೋದ ತಿಂಗಳು ಹೈದರಾಬಾದಿನಿಂದ ಒಂದು ಫೋನು. ವೈಶಾಲಿ ಎಂಬ ಹೆಣ್ಣುಮಗಳು, ತವರು ರಾಯಚೂರಂತೆ. ಹಳೆಯ, ಅಪರೂಪದ ಕ್ಯಾಸೆಟ್ಟುಗಳನ್ನು ಹುಡುಕಿ ಮತ್ತೆ ಗ್ರಾಮಫೋನ್ ತಟ್ಟೆಯಾಗಿ ಹೊರತರುವುದು ಆಕೆಯ ಕೆಲಸ. ಗುಜರಿ ಅಂಗಡಿಯಲ್ಲಿ ನನ್ನದೊಂದು ಸಿಕ್ಕಿತಂತೆ, ಮೇಲೆ ವಿಳಾಸವೂ ಇತ್ತಂತೆ, ಅದನ್ನು ಹಿಡಿದು ಊರಲ್ಲಿ ವಿಚಾರಿಸಿ ನನ್ನ ನಂಬರು ಪಡೆದಳಂತೆ. “ಸರ್, ಆ ಕಾಲಕ್ಕ ಇಂಥ ಪ್ರಯೋಗ ಯಾರೂ ಮಾಡಿಲ್ರಿ! ಹಾಡು ಹೋಗ್ತಾ ಹೋಗ್ತಾ ದನಿ ಏರಿಸ್ತೀರಲ್ಲ, ಹ್ಯಾಂಗ ಮಾಡಿದ್ರಿ?” ಎಂದಳು. ವಿದ್ಯುತ್ ಇಲಾಖೆಯವರನ್ನು ಕೇಳಮ್ಮ ಎನ್ನಬೇಕಿತ್ತು. “ಅದು ನಮ್ಮ ಒಂದು ಪ್ರಯೋಗ” ಎಂದೆ, ಗಂಭೀರವಾಗಿ. “ಎಲ್ಲಕ್ಕಿಂತ ಆ ತಾಳ, ಸರ್! ಎಷ್ಟು ಸಲ ಕೇಳಿದ್ರೂ ಸಾಕಾಗಂಗಿಲ್ಲ. ಯಾರ್ರಿ ಅದನ್ನ ಬಾರಿಸಿದ್ದು?”

“ನಾನೇ” ಎಂದೆ.

ಬಾಯಿ ತಪ್ಪಿ ಬಂತು ಎಂದರೆ ನೀವು ನಂಬಬೇಡಿ. ಬೇಕೆಂದೇ ಹೇಳಿದೆ. ಇಷ್ಟು ವರ್ಷಗಳ ಮೇಲೆ ಒಬ್ಬರು ಹೊಗಳುತ್ತಿದ್ದಾರೆ, ಅದರಲ್ಲಿ ಪಾಲು ಕೊಡುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಮಕ್ತಲ್‌ನಲ್ಲಿ ಮಾಡಿದ ಎರಡನೆಯ ಕ್ಯಾಸೆಟ್ಟನ್ನೂ ಟ್ರಂಕಿನಿಂದ ತೆಗೆದು, ಧೂಳು ಒರೆಸಿ ಕಳಿಸಿದೆ. ಎರಡು ದಿನ ಬಿಟ್ಟು ವೈಶಾಲಿ ಬಹಳ ಮರ್ಯಾದೆಯಿಂದ, “ಇದು ಇರಲಿ ಬಿಡ್ರಿ ಸರ್. ಇದರಾಗ ಜೀವ ಇಲ್ಲ. ಇದರಾಗ ಯಾಕ ತಾಳ ಬಾರಿಸಿಲ್ರಿ ನೀವು?” ಎಂದಳು. ಕೈಗೆ ಪೆಟ್ಟಾಗಿತ್ತು ಎಂದೆ. ಪಕ್ಕದಲ್ಲೇ ಹುಣಸೆಹಣ್ಣು ಬಿಡಿಸುತ್ತಿದ್ದ ನನ್ನ ಹೆಂಡತಿ, “ಯಾವ ಕೈಗ್ರೀ?” ಎಂದು ಕೇಳಿದಳು. ಆಕೆ ನಾರಾಯಣಪೇಟೆಯಲ್ಲೇ ಹುಟ್ಟಿ ಬೆಳೆದವಳು, ಮಗ್ಗದ ಸದ್ದನ್ನು ಆಕೆಗೆ ಯಾರೂ ಹೇಳಿಕೊಡಬೇಕಿಲ್ಲ.

ತಟ್ಟೆಯ ಹೊದಿಕೆಯ ಮೇಲೆ ಅಚ್ಚಾಗುವ ಸಾಲು ಫೋನಿಗೆ ಬಂತು. ಗಿಟಾರ್, ಹಾಡು, ತಾಳ: ಮೂರರ ಮುಂದೆಯೂ ನನ್ನ ಹೆಸರು. ಸರಿಯಿದ್ದರೆ ಒಪ್ಪಿಗೆ ಕಳಿಸಿ ಎಂದಿದ್ದಳು. ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ, ಅಂದರೆ ಮೊನ್ನೆ, ಮೋಟರ್ ನೋಡಲು ಹೋಗಬೇಕೆಂದು ಹೆಂಡತಿಗೆ ಇನ್ನೊಂದು ಸುಳ್ಳು ಹೇಳಿ ಮಕ್ತಲ್ ಬಸ್ಸು ಹತ್ತಿ, ಅಲ್ಲಿ ಇಳಿದು ಗದ್ವಾಲದ ಬಸ್ಸು ಹಿಡಿದೆ.

ನೀಲಮ್ಮಕ್ಕ ಪಡಸಾಲೆಯಲ್ಲಿ ಕೂತು ರಾಟೆಯಲ್ಲಿ ಕಂಡಿಕೆ, ಅಂದರೆ ಲಾಳಿಯೊಳಗಿನ ನೂಲಿನ ಕೊಳವೆ, ಸುತ್ತುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. “ಬಾರೋ ಸಿಡಿಲಪ್ಪ. ಕೂದಲೆಲ್ಲಾ ಎಲ್ಲಿ ಹೋದ್ವೋ?” ಎಂದಳು. ಚಹಾ ಆಯಿತು, ಎಲ್ಲರ ಕ್ಷೇಮ ಆಯಿತು. ಆಮೇಲೆ ವೈಶಾಲಿ ಕಳಿಸಿದ್ದ ಹಾಡನ್ನು ಫೋನಿನಲ್ಲಿ ಹಚ್ಚಿ ಆಕೆಯ ಮುಂದಿಟ್ಟೆ. ಆಕೆ ರಾಟೆ ನಿಲ್ಲಿಸಿದಳು.

“ಇದು ಹಸರು ಸೀರಿ, ಕೆಂಪಂಚಿಂದು” ಎಂದಳು. ಸ್ವಲ್ಪ ಹೊತ್ತು ಕೇಳಿ, “ಹಾಂ, ಇಲ್ಲಿ ನೋಡು. ಇಲ್ಲಿ ನೀ ತಪ್ಪಿದಿ. ನಾ ಹಣಿಗಿ ಹಿಡ್ಕೊಂಡು ಕಾಯ್ದೆ. ನೀ ಬಂದ ಮ್ಯಾಲ ಬಡದೆ.”

“ಅಕ್ಕಾ, ನೀ ಬೇಕಂತ ಮಾಡ್ತಿದ್ದೇನು?”

“ಮತ್ತೇನು! ಮಗ್ಗಕ್ಕ ಅದರದ ಒಂದು ನಡಿಗಿ ಐತಿ, ಅದು ಯಾರಿಗೂ ಕಾಯಂಗಿಲ್ಲ. ನೀ ಒಮ್ಮೆ ಓಡ್ತಿದ್ದಿ, ಒಮ್ಮೆ ಕುಂತುಬಿಡ್ತಿದ್ದಿ. ನಿನ್ನ ಹಾಡು ಬೀಳಬಾರ್ದು ಅಂತ ನಾನೂ ಹಂಗ ನೇಯ್ದೆ. ಒಂದು ಕಡಿ ಬಿಗಿ, ಒಂದು ಕಡಿ ಸಡಲ. ಸೀರಿ ಕೊಳ್ಳೋ ಸಾವ್ಕಾರ ಅದನ್ನ ತಿರುವಿ ಒಗದ. ಅಪ್ಪ ನನ್ನ ಮಗ್ಗದಿಂದ ಎಬ್ಬಿಸಿ ಕಂಡಿಕಿ ಸುತ್ತಾಕ ಕೂಡಿಸಿದ. ಲಗ್ನ ಆಗಾತನಕಾ ಮತ್ತ ಮಗ್ಗ ಮುಟ್ಟಗೊಡಲಿಲ್ಲ. ಯಾಕ ಹಿಂಗಾತು ಅಂತ ನಾ ಬಾಯಿ ಬಿಡಲಿಲ್ಲ. ಬಿಟ್ಟಿದ್ರ ನಿನ್ನ ಗಿಟಾರ್ ಆ ಕುಣ್ಯಾಗ ಹೂಳ್ತಿದ್ದ.”

 ಕಲೆಯ ಬೆಲೆ ತಿಳಿಯದವರು ಎಂದು ನಾನು ಬೈದುಕೊಂಡು ಹೋದದ್ದು ಈಕೆಯನ್ನು. ಇದನ್ನು ವೈಶಾಲಿ ಎಂಬಾಕೆ ತಟ್ಟೆ ಮಾಡುತ್ತಿದ್ದಾಳೆ ಎಂದು ಹೇಳಿದೆ.

“ನನ್ನ ಹೆಸರು ಐತೇನು ಅದರಾಗ?” ನೇರವಾಗಿ ಕೇಳಿದಳು.

“ಇಲ್ಲಕ್ಕಾ. ಎಲ್ಲಾ ನಂದು ಅಂತ ಹೇಳಿಬಿಟ್ಟೀನಿ.”

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಫೋನನ್ನು ನನ್ನ ಕಡೆ ತಳ್ಳಿ, “ಹಚ್ಚು ಆಕಿಗೆ” ಎಂದಳು.

ಹಚ್ಚಿದೆ. ಗದ್ವಾಲದ ಆ ಪಡಸಾಲೆಯಲ್ಲಿ, ಆಕೆಯ ಸೊಸೆ ಮೊಮ್ಮಕ್ಕಳೆಲ್ಲ ಕೇಳುತ್ತಿರುವಾಗ, ತಾಳ ನನ್ನದಲ್ಲ, ಪ್ರಯೋಗವೂ ನನ್ನದಲ್ಲ, ಕೈಗೆ ಪೆಟ್ಟೂ ಆಗಿರಲಿಲ್ಲ ಎಂದು ವೈಶಾಲಿಗೆ ಒಂದೊಂದಾಗಿ ಒಪ್ಪಿಸಿದೆ.  ಎಲ್ಲ ಕೇಳಿ ಆಕೆ, “ಫೋನು ಅವರ ಕೈಯಾಗ ಕೊಡ್ರಿ” ಎಂದಳು. ಕೊಟ್ಟೆ. ಹೊದಿಕೆಯ ಮೇಲೆ ಏನಂತ ಬರೀಲಿ ಅಮ್ಮಾ ಎಂದು ಕೇಳಿರಬೇಕು.

“ಮಗ್ಗ ಅಂತ ಬರಿ ತಾಯಿ. ಮಗ್ಗ, ನೀಲಮ್ಮ, ನಾರಾಯಣಪ್ಯಾಟಿ. ಹುಟ್ಟಿದಾಗಿನಿಂದ ನೇಯ್ಕೋತ ಬಂದೀನಿ. ಎಷ್ಟು ಸೀರಿ ಹೋದ್ವೋ ಏನೋ, ಒಂದರ ಮ್ಯಾಲೂ ನನ್ನ ಹೆಸರಿಲ್ಲ. ಇದರ ಮ್ಯಾಲರ ಇರಲಿ.” ಇಷ್ಟು ಹೇಳಿ ಫೋನು ನನ್ನ ಕೈಗಿಟ್ಟು ಮತ್ತೆ ರಾಟೆ ತಿರುಗಿಸಿದಳು.

ಇವತ್ತು ಹಾಲು ತಗೊಂಡು ಮನೆಗೆ ಬರುವಷ್ಟರಲ್ಲಿ ತಿದ್ದಿದ ಹೊದಿಕೆ ಬಂದಿತ್ತು. ಮೇಲೆ ನೀಲಮ್ಮಕ್ಕ, ಕೆಳಗೆ ನಾನು. ‘ನಿಮ್ಮ ಹೆಸರು ಎರಡನೆಯದಾಗಿದೆ ಸರ್, ಪರವಾಗಿಲ್ಲವೇ?’ ಎಂದು ವೈಶಾಲಿ ಬರೆದಿದ್ದಳು. ಪರವಾಗಿಲ್ಲ ಎಂದು ಬರೆದೆ. ಬರೆಯುವಾಗ ಸ್ವಲ್ಪ ಅಸೂಯೆಯಾಯಿತು; ಈ ತಿಂಗಳ ಸುಳ್ಳಿನ ಕೋಟಾ ಮುಗಿದಿದೆ, ನಿಜವನ್ನೇ ಹೇಳುತ್ತೇನೆ. ಆಮೇಲೆ ಹೆಂಡತಿಯನ್ನೂ ಕೂರಿಸಿಕೊಂಡು ಹಾಡು ಹಚ್ಚಿದೆ. ಮೊದಲ ಸಲ ನನ್ನ ಗಿಟಾರು ಬಿಟ್ಟು ಹಿಂದಿನ ಸದ್ದನ್ನೇ ಕೇಳಿದೆ. ಅರ್ಧ ಹಾಡಿಗೆ ಬಂದಾಗ ನಾನು ದಾರಿ ತಪ್ಪುತ್ತೇನೆ. ನೀಲಮ್ಮಕ್ಕ ಕೈ ತಡೆದು ನಿಲ್ಲುತ್ತಾಳೆ, ನಾನು ಬರುವವರೆಗೆ.