ಉರ್ಫ್ ಹಾಕಿಸಿಕೊಂಡ ನರ್ಸಮ್ಮ

ನಿಮ್ಮ ಮನೆ ಸೊಸೆಗೆ ಒಟ್ಟು ಎಷ್ಟು ಹೆಸರು? ಒಂದೇ ಅಂತ ಅಷ್ಟು ಜೋರಾಗಿ ಹೇಳಬೇಡಿ. ಹೋಗಿ, ಅವಳ ಆಧಾರ್ ಕಾರ್ಡನ್ನೂ ಡಿಗ್ರಿ ಸರ್ಟಿಫಿಕೇಟನ್ನೂ ಪಕ್ಕಪಕ್ಕ ಇಟ್ಟು ನೋಡಿ ಬನ್ನಿ. ನಾನು ಇಲ್ಲೇ ಕೂತಿರುತ್ತೇನೆ. ಈ ಫೋನಿನಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ನೀವು ಕಾಫಿ ಕುಡಿದೂ ಬರಬಹುದು.

ನನ್ನ ಮೊಮ್ಮಗನ ಹೆಂಡತಿ ಅನಂತಪುರದ ಕಡೆಯವಳು. ಅಲ್ಲೇ ನಾಲ್ಕು ವರ್ಷ ನರ್ಸಿಂಗ್ ಓದಿ, ಆಂಧ್ರದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ, ಹೆರಿಗೆ ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ಮದುವೆಯಾಗಿ ಹರಿಹರಕ್ಕೆ ಬಂದಳು. ನನ್ನನ್ನು ‘ಅವ್ವಾ’ ಅನ್ನುತ್ತಾಳೆ. ಅವರ ಕಡೆ ಅವ್ವ ಅಂದರೆ ಅಜ್ಜಿ, ನಮ್ಮ ಕಡೆ ತಾಯಿ. ಅವಳು ಗಡಿ ದಾಟಿದ್ದಕ್ಕೆ ನನಗೆ ಒಂದು ತಲೆಮಾರು ವಯಸ್ಸು ಇಳಿಯಿತು. ಅವಳಿಗೆ ಮಾತ್ರ ಗಡಿ ದಾಟಿದ್ದರಿಂದ ಕೈಯಲ್ಲಿದ್ದ ಕೆಲಸವೇ ಇಲ್ಲವಾಯಿತು.

ದೀಪಾವಳಿ ಮುಗಿದ ಹೊಸತರಲ್ಲಿ ಅವಳನ್ನು ದಾವಣಗೆರೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊಮ್ಮಗ ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು, ರಜೆ ಸಿಗುವುದಿಲ್ಲ. ಅಲ್ಲಿನ ಹಿರಿಯ ನರ್ಸಮ್ಮ ಇವಳನ್ನು ಮಾತಾಡಿಸಿ, ಮೆಚ್ಚಿಕೊಂಡು, ಕೊನೆಗೆ ಕೇಳಿದರು.

“ಕರ್ನಾಟಕದ ರಿಜಿಸ್ಟ್ರೇಷನ್ ಐತೇನಮ್ಮ?”

ಇರಲಿಲ್ಲ. “ಡಿಗ್ರಿ ಐತಲ್ರೀ,” ಅಂತ ನಾನು ಬಾಯಿ ಹಾಕಿದೆ.

“ಡಿಗ್ರಿ ಎಲ್ಲಾ ಕಡೆ ನಡೀತೈತೆ ಅಜ್ಜಿ. ಆದ್ರ ಕೆಲಸ ಮಾಡಾಕೆ ಆಯಾ ರಾಜ್ಯದ ಕೌನ್ಸಿಲ್ ಒಪ್ಪಬೇಕು.”

“ಅಲ್ಲಿ ಚುಚ್ಚಿದ ಸೂಜಿ ಇಲ್ಲಿ ಚುಚ್ಚಲ್ವೇನ್ರಿ? ಆಂಧ್ರದ ಕೂಸು ಬ್ಯಾರೆ ದಾರೀಲಿ ಹುಟ್ತೈತಾ?”

ಅವರು ನಕ್ಕರು, ಆದರೆ ಮಾತು ಸಡಿಲಿಸಲಿಲ್ಲ. “ಹೆರಿಗೆ ವಾರ್ಡಿನಾಗ ಒಂದು ಜಾಗ ಐತೆ. ಯುಗಾದಿ ತನಕ ಹಿಡಕೊಂಡಿರ್ತೀನಿ. ಅಷ್ಟರಾಗ ನಂಬರ್ ತರ್ರಿ.”

ಯುಗಾದಿ ಆಗ ಎಷ್ಟು ದೂರ ಕಾಣುತ್ತಿತ್ತು!

ಅವಳು ಓದಿದ ಕಾಲೇಜಿಗೆ ಫೋನ್ ಮಾಡಿದರೆ, “ನಮ್ಮ ಡಿಗ್ರಿ ಇಡೀ ದೇಶದಲ್ಲಿ ಮಾನ್ಯ” ಅಂದರು. ಸೇರುವಾಗ ಕೊಟ್ಟ ಬಣ್ಣದ ಪುಸ್ತಿಕೆಯಲ್ಲೂ ಅದೇ ಸಾಲು ಇತ್ತಂತೆ. ಬೇರೆ ರಾಜ್ಯಕ್ಕೆ ಹೋದರೆ ಏನೇನು ಮಾಡಬೇಕು ಅನ್ನುವ ಸಾಲು ಮಾತ್ರ ಎಲ್ಲೂ ಇರಲಿಲ್ಲ. ಮೊದಲು ಆಂಧ್ರದ ಕೌನ್ಸಿಲ್ ‘ಈ ಹುಡುಗಿ ನಿಮ್ಮಲ್ಲಿಗೆ ಬರಲು ನಮ್ಮ ತಕರಾರಿಲ್ಲ’ ಅಂತ ಒಂದು ಕಾಗದ ಕೊಡಬೇಕು. ಅದಕ್ಕೆ ಎನ್ಓಸಿ ಅನ್ನುತ್ತಾರೆ. ಅವಳ ಅಪ್ಪ ಅಮ್ಮ ತಕರಾರಿಲ್ಲದೆ ಧಾರೆಯೆರೆದು ಕೊಟ್ಟಾಗಿತ್ತು, ಆದರೆ ಆ ಕಾಗದಕ್ಕೆ ಸಂಕ್ರಾಂತಿ ದಾಟಬೇಕಾಯಿತು.

ಅಷ್ಟು ದಿನವೂ ಅವಳಿಗೆ ಇದ್ದ ಪೇಷೆಂಟ್ ನಾನೊಬ್ಬಳೇ. ಕೈಗೆ ಅಭ್ಯಾಸ ತಪ್ಪಬಾರದು ಅಂತ ದಿನಾ ಬೆಳಿಗ್ಗೆ ನನ್ನ ಬಿ.ಪಿ. ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ನನ್ನ ಬಿ.ಪಿ. ಚೆನ್ನಾಗಿಯೇ ಇತ್ತು. ಅವಳ ಮುಖ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

ಎನ್ಓಸಿ ಬಂದ ಮೇಲೆ ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಯಲ್ಲಿ ಇಲ್ಲಿನ ಕೌನ್ಸಿಲ್ಲಿಗೆ ಅರ್ಜಿ ಹಾಕಿಸಿದೆವು. ಮೂರು ವಾರಕ್ಕೆ ವಾಪಸ್ ಬಂತು. ಅಂಗಡಿಯವನು ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದ. ಡಿಗ್ರಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇಬ್ಬರೂ ಒಬ್ಬರೇ ಅನ್ನುವುದಕ್ಕೆ ಏನು ಆಧಾರ?

ಈಗ ನನ್ನ ಕಳ್ಳತನ ಹೇಳಬೇಕು.

ನಮ್ಮ ಮನೆತನದಲ್ಲಿ ಸೊಸೆ ಬಂದಾಗ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸುತ್ತೇವೆ. ಆ ಹೆಸರು ಆರಿಸಿದವಳು ನಾನೇ. ಅಕ್ಕಿಯಲ್ಲಿ ಬರೆದದ್ದನ್ನು ಅಲ್ಲಿಗೇ ಬಿಟ್ಟಿದ್ದರೆ ಅನ್ನವಾಗಿ ಹೋಗುತ್ತಿತ್ತು. ನಾನು ಬಿಡಲಿಲ್ಲ. ಮದುವೆ ನೋಂದಣಿಯಲ್ಲೂ ಅದನ್ನೇ ಬರೆಸಿದೆ. ಆಮೇಲೆ ಹೆಂಗಸರಿಗೆ ಬಸ್ಸಿನಲ್ಲಿ ಪುಕ್ಕಟೆ ಓಡಾಡಲು ಕರ್ನಾಟಕದ ವಿಳಾಸದ ಆಧಾರ್ ಬೇಕು ಅಂದರಲ್ಲ, ವಿಳಾಸ ಬದಲಿಸಲು ಹೋದಾಗ, “ಹೆಂಗೂ ಬಂದೀವಿ, ಹೆಸರೂ ಬದಲ್ಸಿಬಿಡಪ್ಪ” ಅಂದೆ. ಅವಳು ಆಗ ಹೊಸ ಸೊಸೆ, ತಲೆ ತಗ್ಗಿಸಿ ಸುಮ್ಮನಿದ್ದಳು. ಆ ಮೌನವನ್ನು ನಾನು ಒಪ್ಪಿಗೆ ಅಂತ ಓದಿಕೊಂಡೆ. ಈಗ ದಾವಣಗೆರೆಯ ಆ ಕಚೇರಿ ಈ ಕಚೇರಿಗೆಲ್ಲ ಅವಳು ಪುಕ್ಕಟೆ ಓಡಾಡಿದ್ದು ಅದೇ ಆಧಾರ್ ತೋರಿಸಿ!

ಅಫಿಡವಿಟ್ ಮಾಡಿಸಿ ಅಂದರು. ಕೋರ್ಟಿನ ಹತ್ತಿರ ಮರದ ಕೆಳಗೆ ಕೂತ ಟೈಪಿಸ್ಟ್ ಅವಳ ತೌರಿನ ಹೆಸರು ಕುಟ್ಟಿ, ಮುಂದೆ ‘ಉರ್ಫ್’ ಅಂತ ಹಾಕಿ, ನಾನಿಟ್ಟ ಹೆಸರು ಕುಟ್ಟಿದ.

“ಅಯ್ಯೋ, ಉರ್ಫ್ ಯಾಕಪ್ಪ? ಕಳ್ಳರ ಫೋಟೋದ ಕೆಳಗ ಹಾಕ್ತಾರಲ್ಲ ಅದನ್ನ!”

“ಎರಡು ಹೆಸರು ಇದ್ದೋರಿಗೆಲ್ಲ ಉರ್ಫೇ ಅಜ್ಜಿ. ಇದನ್ನ ಇಟ್ಟೋರು ಯಾರು?”

ಹುಡುಗಿ ನನ್ನ ಕಡೆ ನೋಡಲಿಲ್ಲ. ನಾನು ಮರದ ಕಡೆ ನೋಡಿದೆ.

ಉರ್ಫೂ ಸಾಕಾಗಲಿಲ್ಲ. ಅರ್ಜಿ ಮತ್ತೆ ವಾಪಸ್ ಬಂತು. ಹೋಗುವುದು, ಕೂರುವುದು, ‘ಸಾಹೇಬ್ರು ಊಟಕ್ಕೆ ಹೋಗ್ಯಾರೆ’ ಅನ್ನಿಸಿಕೊಳ್ಳುವುದು, ಬರುವುದು. ದಾವಣಗೆರೆಯಲ್ಲಿ ನನ್ನ ಮಂಡಿಗೆ ಪರಿಚಯವಿಲ್ಲದ ಬೆಂಚು ಉಳಿಯಲಿಲ್ಲ. ಆ ಬೆಂಚುಗಳ ಮೇಲೆಯೇ ಅವಳು ನನಗೆ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದ್ದು. ನಾನು ಮೊದಲು ಹುಡುಕಿ ಒತ್ತಿದ್ದು ನನ್ನ ತೌರಿನ ಹೆಸರು. ನನ್ನ ತೌರೂರು ಸಾರಥಿಯಲ್ಲಿ, ಹೊಲದ ಬದುವಿನ ಮೇಲೆ ಯಾರಾದರೂ ಕೂಗಿದರೆ ನಾನು ಓಡಿ ಬರುತ್ತಿದ್ದ ಹೆಸರು. ಅದೂ ಇದೇ ಮನೆಯ ಅಕ್ಕಿ ತಟ್ಟೆಯಲ್ಲಿ ಕಳೆದುಹೋಯಿತು. ನನ್ನ ಬಳಿ ಸರ್ಟಿಫಿಕೇಟ್ ಇರಲಿಲ್ಲ, ಹಾಗಾಗಿ ಯಾವ ಕಚೇರಿಯೂ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ.

“ಇದ್ಯಾರದು ಅವ್ವಾ?” ಅಂತ ಅವಳು ಪರದೆ ನೋಡಿ ಕೇಳಿದಳು.

“ನಿನ್ನಂಗೇ ಒಬ್ಬಳು ಇದ್ಲು,” ಅಂದೆ.

ಉಳಿದದ್ದು ಎರಡು ದಾರಿ. ಒಂದೋ ಆಂಧ್ರದ ವಿಶ್ವವಿದ್ಯಾಲಯದಿಂದ ಹಿಡಿದು ಎಲ್ಲ ಕಡೆ ನಾನಿಟ್ಟ ಹೆಸರಿಗೆ ಬದಲಿಸಬೇಕು, ಅದು ಯಾವ ಯುಗಾದಿಗೂ ಮುಗಿಯುವ ಕೆಲಸವಲ್ಲ. ಇಲ್ಲವೇ ಆಧಾರ್‌ನಲ್ಲಿ ಹಳೆಯ ಹೆಸರಿಗೆ ಹಿಂತಿರುಗಬೇಕು. ಅವಳು ಬಾಯಿ ಬಿಟ್ಟು ಕೇಳಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಫೈಲನ್ನು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

“ನಡಿ, ನಾಳೆ ತೆಗ್ಸಿ ಹಾಕಾಣ,” ಅಂದೆ.

“ಏನನ್ನ ಅವ್ವಾ?”

“ನಾನಿಟ್ಟಿದ್ದನ್ನ.”

ಆಧಾರ್ ಕೇಂದ್ರದ ಹುಡುಗಿ ಎಚ್ಚರಿಸಿದಳು: “ಹೆಸರು ಬದಲ್ಸಾಕೆ ಎರಡೇ ಸಲ ಅವಕಾಶ ಅಜ್ಜಿ. ಒಂದು ಆಗೋಗೈತೆ. ಇದೇ ಕೊನೇದು, ಮತ್ತೆ ಬರಬ್ಯಾಡ್ರಿ.” ನನಗೂ ಮತ್ತೆ ಬರುವ ಶಕ್ತಿ ಇರಲಿಲ್ಲ.

ಆಧಾರ್ ಸರಿಯಾಗಿ, ಮತ್ತೆ ಅರ್ಜಿ ಹಾಕಿ, ಕೌನ್ಸಿಲ್ಲಿನ ನಂಬರ್ ಬರುವ ಹೊತ್ತಿಗೆ ಯುಗಾದಿ ಕಳೆದು ಇಪ್ಪತ್ತು ದಿನ. ಹೆರಿಗೆ ವಾರ್ಡಿನ ಜಾಗ ಬೇರೆಯವರಿಗೆ ಹೋಗಿತ್ತು. ಹಿರಿಯ ನರ್ಸಮ್ಮ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಗೆ ಹಾಕಿಕೊಂಡರು. ಬೇಜಾರಾಯಿತೇನೇ ಅಂದರೆ, “ಕೈಗೆ ಕೆಲಸ ಐತಲ್ಲ” ಅಂದಳು. ಅಂದವಳು ಊಟ ಮಾತ್ರ ಅರ್ಧಕ್ಕೇ ಬಿಟ್ಟೆದ್ದಳು.

ಮೊದಲ ದಿನದ ಡ್ಯೂಟಿ ಮುಗಿಸಿ ಬಂದಾಗ ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು. ಅದರಲ್ಲಿ ಅವಳ ತೌರಿನ ಹೆಸರು. ನಾನು ಬಾಗಿಲಲ್ಲೇ ಅಡ್ಡ ನಿಂತು ಕೆಣಕಿದೆ.

“ಏನೇ ನರ್ಸಮ್ಮ, ನಾನಿಟ್ಟ ಹೆಸರು ಎಲ್ಲಿ ಬಿಟ್ಟು ಬಂದಿ?”

ಚಪ್ಪಲಿ ಬಿಡುತ್ತಾ, ತಲೆಯೆತ್ತದೆ ಅಂದಳು:

“ಅದು ಈ ಹೊಸ್ತಿಲೊಳಗ ಮಾತ್ರ ನಡೀತೈತೆ ಅವ್ವಾ. ಹೊರಗ ನಡೀಬೇಕಂದ್ರ ಎನ್ಓಸಿ ತಗಂಬರ್ರಿ.”