ಇಬ್ಬರಿಗೂ ‘ಬರ್ತೀವಿ’ ಎಂದವರು

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಆಸ್ಟಿನ್‌ನಿಂದ ಪ್ರಸನ್ನನ ಫೋನ್ ಬಂತು.

“ಗೆದ್ರಲ್ಲ ಸ್ವಾಮಿ ನೀವು. ಇರಲಿ ಬಿಡಿ. ಸ್ವಲ್ಪ ಶಿವಾನಂದ್ ಅವರಿಗೆ ಫೋನ್ ಕೊಡಿ. ಒಂದು ಮಾತೂ ಹೇಳದೆ ಡಲ್ಲಾಸ್ ಕಡೆ ತಿರುಗಿಬಿಟ್ರಲ್ಲ, ಬೈಬೇಕು.”

“ಇಲ್ಲೆಲ್ಲಿದ್ದಾರೆ? ನಿಮ್ಮಲ್ಲಿಗೆ ಬಂದಿಲ್ವಾ?” ಎಂದೆ.

ಆ ಕಡೆ ಅವನ ಮನೆಯ ಮಿಕ್ಸಿ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

ಶಿವಾನಂದ, ಅವರ ಹೆಂಡತಿ ಗಿರಿಜಾ, ಹದಿನೈದು ವರ್ಷದ ಮಗಳು ಅನು ಹ್ಯೂಸ್ಟನ್ ಬಿಟ್ಟು ಆಗಲೇ ಮೂವತ್ತೆರಡು ಗಂಟೆಯಾಗಿತ್ತು. ಶಿವಾನಂದರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಒಂದು ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೊನೆಯ ಸಲ ಆಗಿದ್ದು ಮಂಗಳವಾರ. ಗುರುವಾರದ್ದು ತಪ್ಪಿತ್ತು. ಇದು ಪ್ರಸನ್ನನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಅವರು ಇನ್ನೊಬ್ಬನ ಮನೆಯಲ್ಲಿ ಕ್ಷೇಮವಾಗಿದ್ದಾರೆ ಎಂದುಕೊಂಡು ಆ ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡಿದ್ದೆವು.

ಇದು ಸೆಪ್ಟೆಂಬರ್ ತಿಂಗಳ ಮಾತು. ಎರಡು ತಿಂಗಳು ಬರೆಯದೆ ಇಟ್ಟುಕೊಂಡಿದ್ದೆ.

ಈ ಅಂಕಣವನ್ನು ಬಿಡದೆ ಓದುವವರಿಗೆ ನೆನಪಿರಬಹುದು. ಬೇಸಿಗೆಯಲ್ಲಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರನ್ನೂ ಹೋಲಿಸಿ ಬರೆದಿದ್ದೆ. ಬದುಕಲು ಯಾವುದು ವಾಸಿ, ನೋಡಲು ಯಾವುದು ವಾಸಿ ಎಂದು. ಆಸ್ಟಿನ್‌ಗೆ ಗುಡ್ಡ, ಕೆರೆ, ಸಂಜೆ ನಡೆಯಲು ದಾರಿ ಇದೆ, ನಮ್ಮವರು ಕಡಿಮೆ. ಡಲ್ಲಾಸ್‌ನಲ್ಲಿ ನಮ್ಮವರೂ ಕೆಲಸವೂ ಹೆಚ್ಚು, ಏರ್‌ಪೋರ್ಟ್ ಹತ್ತಿರ. ನೋಡಲು ಏನೂ ಇಲ್ಲ. (ಬಂದ ನೆಂಟರನ್ನು ಎರಡನೇ ದಿನ ಮಾಲ್‌ಗೆ ಕರೆದುಕೊಂಡು ಹೋಗುತ್ತೇವೆ. ಮೂರನೇ ದಿನ ಇನ್ನೊಂದು ಮಾಲ್‌ಗೆ.) ಹ್ಯೂಸ್ಟನ್‌ಗೆ ಕಡಿಮೆ ಅಂಕ ಕೊಟ್ಟಿದ್ದೆ. ಆ ಸೆಕೆಯ, ತೇವದ ಊರಲ್ಲಿ ಎಲ್ಲವೂ ಇದೆ, ಒಣಗಿದ ಟವೆಲ್ ಒಂದು ಬಿಟ್ಟು ಎಂದು ಬರೆದಿದ್ದೆ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ ಶಿವಾನಂದ ಮರುದಿನವೇ ಫೋನ್ ಮಾಡಿದ್ದರು. ಧಾರವಾಡದವರು. ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರ್.

“ಏನ್ರೀ ಸಾಹೇಬ್ರ, ನಿಮ್ಮ ಡಲ್ಲಾಸ್‌ನಾಗ ಏನೈತ್ರಿ? ಒಂದು ಪಾರ್ಕಿಂಗ್ ಲಾಟ್ ಐತಿ. ಅದರ ಆಚಿಗೆ ಇನ್ನೊಂದು ಪಾರ್ಕಿಂಗ್ ಲಾಟ್ ಐತಿ.”

“ನಿಮ್ಮಲ್ಲಿ ಸೊಳ್ಳೆ ಇದೆ” ಎಂದೆ.

“ಇರಲಿ ಬಿಡ್ರಿ, ಅವೂ ನಮ್ಮವ. ಊರು ಛಲೋ ಐತೋ ಇಲ್ಲೋ, ನನ್ನ ಪಾಳಿ ಇಲ್ಲೇ ಐತಿ.”

ಪಾಳಿ ಎಂದರೆ ಕಿಡ್ನಿ ಸಿಗುವ ಸರದಿ. ಅಲ್ಲಿನ ದೊಡ್ಡ ಆಸ್ಪತ್ರೆಯ ಪಟ್ಟಿಯಲ್ಲಿ ಅವರ ಹೆಸರಿತ್ತು. ನನ್ನ ಹೋಲಿಕೆಯಲ್ಲಿ ಗುಡ್ಡ, ಕೆರೆ, ಟವೆಲ್ ಎಲ್ಲ ಇತ್ತು. ಆಸ್ಪತ್ರೆ ಇರಲಿಲ್ಲ. ಆರೋಗ್ಯವಾಗಿರುವವನು ಬರೆದ ಹೋಲಿಕೆ ಅದು.

ಸೆಪ್ಟೆಂಬರ್‌ನಲ್ಲಿ ಕೊಲ್ಲಿಯಿಂದ ಚಂಡಮಾರುತ ಹ್ಯೂಸ್ಟನ್ ಕಡೆಗೇ ಬರುತ್ತಿದೆ ಎಂದು ಟಿವಿಯವರು ಹೇಳತೊಡಗಿದರು. ಮೂರು ವಾರ ಮೊದಲಷ್ಟೇ ನ್ಯೂ ಆರ್ಲಿಯನ್ಸ್ ಮುಳುಗಿದ್ದನ್ನು ಎಲ್ಲರೂ ನೋಡಿದ್ದೆವು. ಮನೆಯ ಸೂರಿನ ಮೇಲೆ ನಿಂತು ಕೈ ಬೀಸುತ್ತಿದ್ದವರನ್ನು ಮರೆಯುವುದು ಹೇಗೆ? ಊರು ಬಿಡಿ ಎಂದ ಕೂಡಲೇ ಹ್ಯೂಸ್ಟನ್ ಇಡೀ ಹೊರಟಿತು.

ಶಿವಾನಂದರ ಬಡಾವಣೆಗೆ ಕಡ್ಡಾಯವಿರಲಿಲ್ಲ. ಆದರೆ ಅವರು ಹೋಗುತ್ತಿದ್ದ ಡಯಾಲಿಸಿಸ್ ಸೆಂಟರ್ ಗುರುವಾರ ಮುಚ್ಚುತ್ತದೆ ಎಂದು ತಿಳಿಸಿದರು. ಹಾಗಾಗಿ ಹೊರಡಲೇಬೇಕು. ಎಲ್ಲಿಗೆ?

ಬುಧವಾರ ಸಂಜೆ ನಾನು ಫೋನ್ ಮಾಡಿದೆ. ಪರಿಚಯದ ಡಾಕ್ಟರೊಬ್ಬರನ್ನು ಹಿಡಿದು ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಸೆಂಟರ್‌ನಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಜಾಗ ಹಿಡಿದಿದ್ದೆ. “ಫ್ಲವರ್ ಮೌಂಡ್‌ಗೆ ಬನ್ನಿ. ಬೇರೆ ಮಾತಿಲ್ಲ.”

“ಬರ್ತೀವ್ರಿ. ನಿಮ್ಮ ಮನಿ ಅಲ್ದ ಇನ್ನೆಲ್ಲಿ?” ಎಂದರು.

ಅದಾಗಿ ಅರ್ಧ ಗಂಟೆಯಲ್ಲಿ ಪ್ರಸನ್ನ ಫೋನ್ ಮಾಡಿದನಂತೆ. ಅವನು ಮೈಸೂರಿನವನು, ಆಸ್ಟಿನ್‌ನಲ್ಲಿ ಚಿಪ್ ಕಂಪನಿಯ ಕೆಲಸ. ಅವನೂ ಒಂದು ಸೆಂಟರ್‌ನಲ್ಲಿ ಜಾಗ ಹಿಡಿದಿದ್ದ. ಮೂರೇ ಗಂಟೆ ದಾರಿ, ನಮ್ಮಲ್ಲಿಗೇ ಬರಬೇಕು ಎಂದ. ಅವನಿಗೂ ಅದೇ ಉತ್ತರ ಸಿಕ್ಕಿತು. “ಬರ್ತೀವಿ, ಬಿಡಂಗಿಲ್ಲ.”

ಇದು ಸುಳ್ಳೇ? ಅಲ್ಲ. ನಮ್ಮ ಕಡೆ ಇದಕ್ಕೆ ದಾಕ್ಷಿಣ್ಯ ಎನ್ನುತ್ತಾರೆ. ಒಂದೇ ದಿನ ಎರಡು ಗೃಹಪ್ರವೇಶಕ್ಕೆ ಕರೆದರೆ ಎರಡಕ್ಕೂ ತಲೆಯಾಡಿಸುತ್ತೇವೆ. ಬರಲಾಗುವುದಿಲ್ಲ ಎಂದು ಎದುರಿಗೆ ಹೇಳುವುದು ಬಾಗಿಲು ಹಾಕಿದಂತೆ. ಬಾರದೆ ಇರುವುದು ಅಂಥ ತಪ್ಪಲ್ಲ. ಕರೆದವರಿಗೂ ಇದು ಗೊತ್ತು. ಅವರೂ ಒಂದಷ್ಟು ಹೊತ್ತು ದಾರಿ ನೋಡಿ, ಬೇರೆ ಕಡೆ ಹೋಗಿರಬೇಕು ಎಂದು ಎಲೆ ಹಾಕಿಬಿಡುತ್ತಾರೆ. ಇಡೀ ಏರ್ಪಾಟು ಯಾರಿಗೂ ನೋವಾಗದಂತೆ ನಡೆಯುತ್ತದೆ.

ಗುರುವಾರ ಬೆಳಿಗ್ಗೆ ಆರಕ್ಕೆ ಶಿವಾನಂದರ ಫೋನ್. “ಹೊಂಟೀವ್ರಿ.” ಇಷ್ಟೇ. “ಹುಷಾರಾಗಿ ಬನ್ನಿ” ಎಂದೆ.

ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಪತ್ರಿಕೆಯ ಡೆಸ್ಕ್‌ನಲ್ಲಿ ಕುಳಿತವನು ನಾನು. ಎಲ್ಲಿ, ಯಾವಾಗ, ಯಾವ ರಸ್ತೆ ಎಂದಿಲ್ಲದ ವರದಿಯನ್ನು ಹೊಸಬರ ಮುಖಕ್ಕೆ ಹಿಂದಿರುಗಿಸಿದವನು. ಆ ಬೆಳಿಗ್ಗೆ ಯಾವ ರಸ್ತೆ ಎಂದು ಕೇಳಲಿಲ್ಲ. ನಮ್ಮ ಮನೆಗೇ ಬರುವವರಿಗೆ ಅದನ್ನು ಕೇಳುವುದೇ?

ಅದೇ ‘ಹೊಂಟೀವಿ’ ಆರೂ ಹತ್ತಕ್ಕೆ ಪ್ರಸನ್ನನ ಮನೆಗೂ ಹೋಗಿತ್ತು.

ಮುಂದೆ ನಡೆದದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಹೆದ್ದಾರಿಯ ಉದ್ದಕ್ಕೂ ನಿಂತ ಕಾರುಗಳು. ನೂರು ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನ ಬಿಸಿಲು. ಬಂಕ್‌ಗಳಲ್ಲಿ ಪೆಟ್ರೋಲ್ ಇಲ್ಲ. ಇದ್ದ ಪೆಟ್ರೋಲ್ ಉಳಿಸಲು ಎಲ್ಲರೂ ಏಸಿ ಆರಿಸಿ ಕಿಟಕಿ ಇಳಿಸಿದ್ದರು. ಮೊಬೈಲ್‌ಗಳು ಕೈಕೊಟ್ಟಿದ್ದವು. ಶಿವಾನಂದರ ನಂಬರಿಗೆ ಇಡೀ ದಿನ ಪ್ರಯತ್ನಿಸಿದೆ. ಎಲ್ಲ ಲೈನ್‌ಗಳೂ ಬ್ಯುಸಿ.

ಸಂಜೆ ಏಳಕ್ಕೆ ಆಸ್ಟಿನ್‌ಗೆ ಮಾಡಿದ ಕರೆ ಹೇಗೋ ಸಿಕ್ಕಿತು. ಪ್ರಸನ್ನ ಮನೆಯಲ್ಲಿರಲಿಲ್ಲ. ಅವನ ಹನ್ನೆರಡು ವರ್ಷದ ಮಗಳು ಮೇಘಾ ಫೋನ್ ಎತ್ತಿದಳು.

“ಶಿವಾನಂದ ಅಂಕಲ್ ವಿಷಯ ಏನಾದರೂ ಗೊತ್ತಾಯ್ತೇನಮ್ಮ?”

“ದೇ ಆರ್ ಕಮಿಂಗ್ ಹಿಯರ್, ಅಂಕಲ್. ಬೆಳಿಗ್ಗೆ ಕಾಲ್ ಮಾಡಿದ್ರು. ಮೈ ರೂಮ್ ಈಸ್ ಗಾನ್. ಐ ಹ್ಯಾವ್ ಟು ಸ್ಲೀಪ್ ಇನ್ ದ ಸ್ಟಡಿ.”

ಅಂದರೆ ಆಸ್ಟಿನ್‌ಗೆ ಹೋಗುತ್ತಿದ್ದಾರೆ. ನಿಜ ಹೇಳಬೇಕೆಂದರೆ ನನಗಾದದ್ದು ಸಮಾಧಾನವಲ್ಲ, ಬೇಸರ. ಒಂದು ಮಾತು ಹೇಳಬಹುದಿತ್ತಲ್ಲ? ಹೆಂಡತಿ ಶೈಲಜಾ ಉಪ್ಪಿಲ್ಲದ ಅಡುಗೆ ಬೇರೆ ಮಾಡಿಟ್ಟಿದ್ದಳು. “ಹತ್ತಿರ ಅಂತ ಹೋಗಿರ್ತಾರೆ, ಬಿಡಿ. ಕಾಯಿಲೆ ಮನುಷ್ಯ” ಎಂದಳು. ಡಾಕ್ಟರಿಗೆ ಫೋನ್ ಮಾಡಿ ಶುಕ್ರವಾರದ ಜಾಗ ಬೇರೆಯವರಿಗೆ ಕೊಡಿ ಎಂದೆ. ಹ್ಯೂಸ್ಟನ್‌ನಿಂದ ಬರುವವರು ಇನ್ನೂ ಎಷ್ಟೋ ಜನರಿದ್ದರು. ಅದು ಆ ದಿನ ನಾನು ಮಾಡಿದ ಸರಿಯಾದ ಕೆಲಸ ಎಂದುಕೊಂಡಿದ್ದೆ. ಆಮೇಲೆ ಶಿವಾನಂದರ ನಂಬರಿಗೆ ಪ್ರಯತ್ನಿಸುವುದನ್ನೂ ನಿಲ್ಲಿಸಿದೆ.

ಅತ್ತ ಪ್ರಸನ್ನನಿಗೆ ಮಗಳು ಹೇಳಿದ್ದು ಇಷ್ಟೇ: ಡಲ್ಲಾಸ್ ಅಂಕಲ್ ಫೋನ್ ಮಾಡಿದ್ದರು, ಶಿವಾನಂದ ಅಂಕಲ್ ವಿಷಯಕ್ಕೆ. ಅವನು ತಿರುಗಿ ಮಾಡಿದಾಗ ಲೈನ್ ಸಿಗಲಿಲ್ಲ. ಮೂರು ಗಂಟೆಯ ದಾರಿ ಇಪ್ಪತ್ತನಾಲ್ಕು ಗಂಟೆಯಾದರೂ ಮುಗಿಯದಿದ್ದಾಗ ಅವನು ಲೆಕ್ಕ ಹಾಕಿದ. “ಅವರು ನಿಮ್ಮಲ್ಲಿಗೆ ಬಂದಿದ್ದಾರೆ, ಅದನ್ನ ತಿಳಿಸೋಕೇ ನೀವು ಫೋನ್ ಮಾಡಿದ್ರಿ ಅಂದ್ಕೊಂಡೆ” ಎಂದು ಆಮೇಲೆ ಹೇಳಿದ. ಅವನಿಗೂ ಬೇಸರವಾಗಿತ್ತು. ಅದಕ್ಕೇ ಶುಕ್ರವಾರ ಮಧ್ಯಾಹ್ನದವರೆಗೆ ಫೋನ್ ಮಾಡಲಿಲ್ಲ.

ಇಬ್ಬರು ವಿದ್ಯಾವಂತರು. ಎರಡು ಊರು. ಹಾಸಿಗೆ ಹಾಸಿಟ್ಟ ಎರಡು ಕೋಣೆ. ನಡುವೆ ಎಲ್ಲೋ ಒಂದು ಕಾರು.

ಎರಡು ಗಂಟೆಯ ಆ ಕರೆಯ ನಂತರ ರಸ್ತೆಗಳನ್ನು ಹಂಚಿಕೊಂಡೆವು. ಅವನು ಆಸ್ಟಿನ್ ರಸ್ತೆ, ನಾನು ಡಲ್ಲಾಸ್ ರಸ್ತೆ. ನಕಾಶೆ ಹಾಸಿಕೊಂಡು ಹೆದ್ದಾರಿಯ ಪಕ್ಕದ ಒಂದೊಂದು ಊರಿನ ಆಸ್ಪತ್ರೆಗೂ ಫೋನ್ ಮಾಡಿದೆ. ಪೊಲೀಸರಿಗೆ ಮಾಡಿದೆ. ಜನ ತಂಗಿದ್ದ ಚರ್ಚ್, ಶಾಲೆಗಳಿಗೆ ಮಾಡಿದೆ. ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದೆ. ನಾಲ್ಕು ಗಂಟೆಗೆ, ನಮ್ಮ ಮನೆಗೂ ಹ್ಯೂಸ್ಟನ್‌ಗೂ ಸರಿಸುಮಾರು ನಡುವೆ ಇರುವ ಸಣ್ಣ ಊರೊಂದರ ಆಸ್ಪತ್ರೆಯ ಹೆಂಗಸು, “ಹೌದು, ಅಂಥವರೊಬ್ಬರು ಇಲ್ಲಿದ್ದಾರೆ, ಬೇಗ ಬನ್ನಿ” ಎಂದಳು.

ಡಲ್ಲಾಸ್ ರಸ್ತೆ. ನಮ್ಮ ಮನೆಗೇ ಬರುತ್ತಿದ್ದರು.

ಶೈಲಜಾಳೂ ನಾನೂ ಹೊರಟೆವು. ದಕ್ಷಿಣಕ್ಕೆ ಹೋಗುವ ನಮ್ಮ ಬದಿ ಖಾಲಿ ಇತ್ತು. ಇಡೀ ರಸ್ತೆಯಲ್ಲಿ ನಮಗೆ ಅಡ್ಡ ಬಂದದ್ದು ಒಂದೆರಡು ಟ್ರಕ್. ಎರಡೂವರೆ ಗಂಟೆಯಲ್ಲಿ ತಲುಪಿದೆವು. ಇನ್ನೂ ಬಿಸಿಲಿತ್ತು.

ಶಿವಾನಂದರು ತೀರಿಕೊಂಡು ಮುಕ್ಕಾಲು ಗಂಟೆಯಾಗಿತ್ತು. ಶುಕ್ರವಾರ ಬೆಳಿಗ್ಗೆ ಪೆಟ್ರೋಲ್ ಮುಗಿದು ಕಾರು ನಿಂತಿದೆ. ಯಾರೋ ಅವರನ್ನು ಹತ್ತಿರದ ಶಾಲೆಗೆ ಕರೆದುಕೊಂಡು ಹೋಗಿದ್ದಾರೆ. ಅಲ್ಲಿದ್ದ ಒಂದೇ ಫೋನಿಗೆ ಉದ್ದ ಸಾಲು. ಅನು ಸಾಲಿನಲ್ಲಿ ನಿಂತಿದ್ದಾಗ ಅಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ನನ್ನ ಫೋನ್ ಹೋಗುವ ಸ್ವಲ್ಪ ಮೊದಲಷ್ಟೇ ಆಸ್ಪತ್ರೆಗೆ ತಂದರು. ಆ ಸಣ್ಣ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರವಿರಲಿಲ್ಲ. ದೊಡ್ಡ ಊರಿಗೆ ಸಾಗಿಸಲು ಏರ್ಪಾಟು ಮಾಡುತ್ತಿದ್ದಾಗ ಹೃದಯ ನಿಂತಿತು. ಅಲ್ಲಿನವರು ಮಾಡಬೇಕಾದ್ದನ್ನೆಲ್ಲ ಮಾಡಿದ್ದರು.

ಅನು ಕಾರಿಡಾರ್‌ನಲ್ಲಿ ನಿಂತಿದ್ದಳು. “ಅಂಕಲ್, ಡಿಡ್ ಯೂ ನಾಟ್ ನೋ ವಿ ವರ್ ಕಮಿಂಗ್ ಟು ಯೂ?” ಎಂದಳು. ಕೋಪವಿರಲಿಲ್ಲ. ತಿಳಿದುಕೊಳ್ಳಲು ಕೇಳಿದಳು. ಶೈಲಜಾ ಆ ಮಗುವನ್ನು ಹಿಡಿದುಕೊಂಡಳು.

ಅದೇ ಹೊತ್ತಿಗೆ ಆಸ್ಪತ್ರೆಯ ಟಿವಿಯಲ್ಲಿ ಚಂಡಮಾರುತ ಪೂರ್ವಕ್ಕೆ ತಿರುಗಿದ ಸುದ್ದಿ ಬರುತ್ತಿತ್ತು. ಮಿಸೌರಿ ಸಿಟಿಯ ಅವರ ಮನೆಯ ಒಂದು ಹೆಂಚೂ ಅಲುಗಲಿಲ್ಲ. ಹಿತ್ತಲಿನ ಕರಿಬೇವಿನ ಕುಂಡ ಇಟ್ಟಲ್ಲೇ ಇತ್ತು.

ಗುರುವಾರ ಸಂಜೆಯೇ ನಾವು ಹುಡುಕಲು ಹೊರಟಿದ್ದರೆ ಸಿಗುತ್ತಿದ್ದರೇ? ನಿಂತ ಸಾವಿರಾರು ಕಾರುಗಳ ಸಾಲಿನಲ್ಲಿ ಬೂದು ಬಣ್ಣದ ಒಂದು ಕಾರನ್ನು ಎದುರಿನ ಬದಿಯಿಂದ ಗುರುತಿಸಲಾಗುತ್ತಿತ್ತೇ? ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು. ಗೊತ್ತಿರುವುದು ಇಷ್ಟು: ಹುಡುಕಲು ಹೊರಟ ಮೇಲೆ ಸಿಗಲು ಎರಡು ಗಂಟೆ ಸಾಕಾಯಿತು. ಅದಕ್ಕೆ ಮೊದಲು ಯಾರೂ ಹುಡುಕಲಿಲ್ಲ.

ಕಳೆದ ತಿಂಗಳು ಹ್ಯೂಸ್ಟನ್‌ಗೆ ಹೋಗಿದ್ದೆವು. ಪ್ರಸನ್ನನೂ ಬಂದಿದ್ದ. ಗಿರಿಜಾ ತಾವಾಗಿಯೇ ಮಾತು ತೆಗೆದರು.

“ಬುಧವಾರ ಸಂಜಿ ಫೋನ್ ಇಟ್ಟಮ್ಯಾಲ ನಾ ಕೇಳಿದ್ನಿರಿ. ಇಬ್ಬರಿಗೂ ಬರ್ತೀವಿ ಅಂದ್ರೆಲ್ಲಾ, ಯಾರ ಕಡೆ ಹೋಗೂದು? ಅಂತ. ಇವರು, ಈಗ ಒಲ್ಲೆ ಅಂದ್ರ ಮನಸ್ಸಿಗೆ ಹಚ್ಕೋತಾರ, ಮುಟ್ಟಿದಮ್ಯಾಲ ಒಂದು ಫೋನ್ ಮಾಡಿದ್ರಾತು ಅಂದ್ರು.”

“ನಮ್ಮ ಕಡೆ ಯಾಕೆ ತಿರುಗಿದ್ರಿ?” ಎಂದೆ.

“ಆಸ್ಟಿನ್ ರಸ್ತಾ ಪೂರಾ ನಿಂತೈತಿ ಅಂತ ರೇಡಿಯೋದಾಗ ಬಂತು. ಇವರು ನಕ್ಕೋತ ಅಂದ್ರು, ಪ್ರಸನ್ನ ತಿಳ್ಕೋತಾನ, ಆದ್ರ ಆ ಪೇಪರ್‌ನವನ ಮನಿಗೆ ಹೋಗದಿದ್ರ ನಮ್ಮ ಮ್ಯಾಲ ಬರದುಬಿಡ್ತಾನ ಅಂತ.”

ಪ್ರಸನ್ನ ತಲೆ ತಗ್ಗಿಸಿದ. ಗಿರಿಜಾ ಸ್ವಲ್ಪ ನಕ್ಕರು. ಆ ಮನೆಯಲ್ಲಿ ಆ ದಿನ ನಕ್ಕವರು ಅವರೊಬ್ಬರೇ.

ಹೊರಡುವಾಗ ಪ್ರಸನ್ನ ಹೇಳಿದ, “ಅಕ್ಕಾ, ಇಲ್ಲಿ ಯಾಕೆ ಇರ್ತೀರ? ಆಸ್ಟಿನ್‌ಗೆ ಬಂದ್ಬಿಡಿ. ಸ್ಕೂಲ್ ಚೆನ್ನಾಗಿದೆ, ನಮ್ಮನೆ ಹತ್ರಾನೇ ಮನೆ ನೋಡೋಣ.” ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಡಲ್ಲಾಸ್‌ನಲ್ಲಿ ಜನ ಜಾಸ್ತಿ, ಕೆಲಸವೂ ಸಿಗುತ್ತದೆ ಎಂದೆ. ಮತ್ತೆ ಅದೇ ಮೂರು ಊರು, ಅದೇ ಹೋಲಿಕೆ.

ಗಿರಿಜಾ ಇಬ್ಬರ ಮುಖವನ್ನೂ ನೋಡಿದರು.

“ಇಲ್ರಿ” ಎಂದರು ಪ್ರಸನ್ನನಿಗೆ. ನನ್ನ ಕಡೆ ತಿರುಗಿದರು. “ನಿಮ್ಮ ಕಡೀನೂ ಬರಂಗಿಲ್ರಿ.”

ಇಬ್ಬರಿಗೂ ನೋವಾಯಿತು. ಆಗಲಿ.

ಈ ವಾರ ನೀವು ಯಾರಿಗೆಲ್ಲ ‘ಬರ್ತೀವಿ’ ಎಂದಿದ್ದೀರಿ?